ಮಕ್ಕಳಿಗೆ ಪ್ಲಾಸ್ಟಿಕ್ ಸಲಿಕೆ ಬೇಡ, ಕುರ್ಪಿ ಕೊಡಿ

ಜೂನ್ 5 ಬಂತೆಂದರೆ ನಮ್ಮ ಶಾಲೆಗಳಲ್ಲಿ ಎರಡು ಬಗೆಯ ಫೋಟೊಗಳು ತಯಾರಾಗುತ್ತವೆ. ಒಂದರಲ್ಲಿ ಪೇಟೆಯ ಯುಕೆಜಿ ಮಕ್ಕಳು ಹಸಿರು ಟೋಪಿ ಹಾಕಿಕೊಂಡು, ಹಳದಿ ಪ್ಲಾಸ್ಟಿಕ್ ಸಲಿಕೆ ಹಿಡಿದು, ಯಾರೋ ಮೊದಲೇ ತೋಡಿಟ್ಟ ಗುಂಡಿಯ ಮುಂದೆ ನಗುತ್ತಿರುತ್ತಾರೆ. ಇನ್ನೊಂದರಲ್ಲಿ ಹಳ್ಳಿ ಶಾಲೆಯ ಎರಡನೇ ತರಗತಿಯ ಮಕ್ಕಳು ತಮ್ಮ ಎದೆಮಟ್ಟದ ಗುದ್ದಲಿಯನ್ನು ಎತ್ತಲಾರದೆ ಎತ್ತುತ್ತಿರುತ್ತಾರೆ. ಎರಡಕ್ಕೂ ಶೀರ್ಷಿಕೆ ಒಂದೇ: ಪುಟಾಣಿಗಳ ಪರಿಸರ ಪ್ರೇಮ! ಆದರೆ ಎರಡರಲ್ಲೂ ಮಕ್ಕಳು ತೋಟ ಮಾಡುತ್ತಿಲ್ಲ. ಮೊದಲನೆಯದು ನಾಟಕ, ಎರಡನೆಯದು ಕೂಲಿ. ಮಗುವಿನ ಕೈಯಲ್ಲಿರುವ ಸಾಧನ ನೋಡಿದರೆ ಸಾಕು, ದೊಡ್ಡವರ ಉದ್ದೇಶ ತಿಳಿದುಬಿಡುತ್ತದೆ.

ಮೊದಲು ಪ್ಲಾಸ್ಟಿಕ್ ವಿಚಾರ. ಆ ಆಟಿಕೆ ಸೆಟ್ಟನ್ನು ಮಾಡಿರುವುದು ಸಮುದ್ರದಂಡೆಯ ಮರಳಿಗೆ. ನಮ್ಮ ಬಯಲುಸೀಮೆಯ ಕೆಂಪು ಮಣ್ಣಿಗೆ, ಬಿಸಿಲಿಗೆ ಬಿರಿದ ಎರೆ ಮಣ್ಣಿಗೆ ಅದನ್ನು ಚುಚ್ಚಿ ನೋಡಿ. ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಮಗು ಇನ್ನಷ್ಟು ಬಲ ಹಾಕುತ್ತದೆ, ಕೈ ಜಾರುತ್ತದೆ. ಕಬ್ಬಿಣ ಅಪಾಯ ಎಂದು ಹೆದರಿ ಕೊಡಿಸಿದ ಸಾಧನವೇ ಗಾಯ ಮಾಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹತ್ತು ನಿಮಿಷ ಕೆದಕಿದರೂ ಮಣ್ಣು ಅಲುಗದಿದ್ದರೆ ಮಗು ಸಲಿಕೆಯನ್ನು ದೂರುವುದಿಲ್ಲ, 'ನನಗೆ ಬರಲ್ಲ' ಎಂದು ಎದ್ದು ಹೋಗುತ್ತದೆ.

ಇನ್ನು ದೊಡ್ಡವರ ಸಾಮಾನು. ಒಂದು ಲೀಟರ್ ನೀರಿನ ತೂಕ ಒಂದು ಕಿಲೊ. ಐದು ವರ್ಷದ ಮಗುವಿನ ತೂಕ ಸುಮಾರು 18 ಕಿಲೊ. ಹತ್ತು ಲೀಟರಿನ ಬಕೆಟ್ ಕೊಟ್ಟು 'ಗಿಡಕ್ಕೆ ನೀರು ಹಾಕು ಕಂದಾ' ಅಂದರೆ, ತನ್ನ ಅರ್ಧಕ್ಕಿಂತ ಹೆಚ್ಚು ಭಾರ ಹೊರು ಅಂದ ಹಾಗಾಯಿತು. ನಾವು ಯಾರಾದರೂ 35 ಕಿಲೊ ಹೊತ್ತು ಖುಷಿಯಾಗಿ ತೋಟ ಸುತ್ತುತ್ತೇವೆಯೇ?

ಹಾಗಾದರೆ ಏನು ಕೊಡಬೇಕು? ಇದಕ್ಕೆ ಆನ್‌ಲೈನ್ ಅಂಗಡಿ ಬೇಕಿಲ್ಲ. ಒಂದು ಪುಟ್ಟ ಕಬ್ಬಿಣದ ಕುರ್ಪಿ: ಮೊನೆ ದುಂಡಗಿರಲಿ, ಅಂಚು ಮಣ್ಣು ಬಿಡಿಸುವಷ್ಟು ತೆಳ್ಳಗಿರಲಿ, ಬೆರಳು ಕೊಯ್ಯುವಷ್ಟು ಹರಿತ ಬೇಡ. ಮರದ ಹಿಡಿ ಎಷ್ಟು ದಪ್ಪ ಇರಬೇಕೆಂದರೆ, ಮಗು ಮುಷ್ಟಿ ಹಿಡಿದಾಗ ಹೆಬ್ಬೆರಳು ಉಳಿದ ಬೆರಳುಗಳನ್ನು ಮುಟ್ಟಬೇಕು. ಹಿಡಿಯಲ್ಲಿ ಸಿಬಿರು ಇರಬಾರದು, ಅಲುಗಾಡಬಾರದು. ನೀರಿಗೆ ಒಂದು ಚೊಂಬು ಸಾಕು. ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿಯೂ ಆದೀತು. ಎಂಟು ದಾಟಿದ ಮೇಲೆ ಗಿಡ್ಡ ಕಾವಿನ ಕಳೆಗುದ್ದಲಿ ಕೊಡಬಹುದು, ಅದೂ ಒಬ್ಬರಿಂದೊಬ್ಬರು ದೂರ ನಿಂತು ಅಗೆಯುವುದನ್ನು ಕಲಿಸಿದ ಮೇಲೆ. ಕುಡುಗೋಲು, ಹಾರೆ, ಪಿಕಾಸಿ ಈಗಲೇ ಬೇಡ. ಧನುರ್ವಾಯು ತಡೆಯುವ ಲಸಿಕೆ ಸಕಾಲಕ್ಕೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಔಷಧಿ ಹೊಡೆದು ಖಾಲಿಯಾದ ಡಬ್ಬಿಯನ್ನು ಕತ್ತರಿಸಿ, ತೊಳೆದು, ಮಕ್ಕಳ ಕೈಗೆ ಮಗ್ಗಾಗಿ ಕೊಡುವ ರೂಢಿ ಹಳ್ಳಿಗಳಲ್ಲಿದೆ. ತೊಳೆದರೆ ಹೋಗುವ ವಿಷವಲ್ಲ ಅದು. ಡಬ್ಬಿಯ ಮೇಲಿನ ತ್ರಿಕೋನ ಕೆಂಪಿರಲಿ, ಹಳದಿ, ನೀಲಿ, ಹಸಿರೇ ಇರಲಿ, ಮಕ್ಕಳ ತೋಟದೊಳಗೆ ಬರಕೂಡದು.

'ನಮ್ಮ ಮಗೂನ ಶಾಲೆಗೆ ಕಳ್ಸಿರೋದು ಮಣ್ಣು ಹೊರೋಕಲ್ಲ' ಎಂದು ಜಗಳಕ್ಕೆ ಬರುವ ಅಪ್ಪ ಅಮ್ಮಂದಿರನ್ನು ಮೇಷ್ಟ್ರುಗಳು ನಗಾಡುವುದುಂಟು. ನಾವು ನಗುವುದಿಲ್ಲ. ತಲೆಮಾರುಗಟ್ಟಲೆ ಬೇರೆಯವರ ಹೊಲದಲ್ಲಿ ಬೆನ್ನು ಬಗ್ಗಿಸಿದವರು, ತಮ್ಮ ಮಗು ಗುದ್ದಲಿ ಹಿಡಿದದ್ದು ಕಂಡು ಸಿಟ್ಟಾಗುವುದು ಸಹಜ. ಶಾಲೆಯ ಅಂಗಳ ಗುಡಿಸಲು, ನೀರು ಹೊರಲು ಯಾವ ಮಕ್ಕಳನ್ನು ಕರೆಯುತ್ತಾರೆ, ಯಾವ ಮಕ್ಕಳನ್ನು ಕರೆಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಸತ್ಯ. ಹುಡುಗಿಯರಿಗೆ ಪೊರಕೆ, ಹುಡುಗರಿಗೆ ಪೈಪು ಎಂಬ ಹಂಚಿಕೆಯೂ ಅಷ್ಟೇ ಹಳೆಯದು.

ಹಾಗಂತ ಮಣ್ಣನ್ನೇ ದೂರ ಇಡುವುದು ಉತ್ತರವಲ್ಲ. ಮಗು ಮಾಡುತ್ತಿರುವುದು ಕಲಿಕೆಯೋ ಕೂಲಿಯೋ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಪಾತಿ ಯಾರದು? ಬೆಳೆದದ್ದನ್ನು ತಿನ್ನುವವರು ಯಾರು? 'ಸಾಕು' ಅಂದಾಗ ಮಗು ಎದ್ದು ಹೋಗಬಹುದೇ? ಆಳು ಇಟ್ಟು ಮಾಡಿಸಬೇಕಾದ ಕೆಲಸವನ್ನು ಮಕ್ಕಳಿಂದ ಮಾಡಿಸಿದರೆ ಅದಕ್ಕೆ ಶ್ರಮದಾನ ಎಂದು ಹೆಸರಿಡಬೇಡಿ.

ಎಲ್‌ಕೆಜಿ, ಯುಕೆಜಿ ಎನ್ನುತ್ತೇವಲ್ಲ, ಅದರ 'ಕೆಜಿ' ಅಂದರೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಪ್ರತಿ ಮಗುವಿಗೂ ಅದರದ್ದೇ ಒಂದು ಪಾತಿ ಇರಬೇಕೆಂದ. ನಾವು ಹೆಸರು ಉಳಿಸಿಕೊಂಡು, ಫೀಸು ಸೇರಿಸಿ, ಅಂಗಳಕ್ಕೆ ಸಿಮೆಂಟು ಹಾಕಿದೆವು.

ಆದ್ದರಿಂದ ಎಸ್‌ಡಿಎಂಸಿ ಸದಸ್ಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಪೋಷಕರಿಗೆ ನಮ್ಮದೊಂದು ಒತ್ತಾಯ. ಈ ಸಲ ಸಸಿ ನೆಡುವ ಬ್ಯಾನರಿನ ದುಡ್ಡನ್ನು ನಿಮ್ಮೂರ ಕುಲುಮೆಗೆ ಕೊಡಿ. ಚಾಪೆಯಷ್ಟು ಜಾಗ ಬಿಡಿ. ಮೊದಲಿಗೆ ಮೆಂತ್ಯವನ್ನೇ ಬಿತ್ತಿಸಿ. ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ಸೊಪ್ಪು ಕೀಳಬಹುದು. ಐದು ವರ್ಷದ ಮಗು ಅಷ್ಟು ದಿನ ಕಾಯಬಲ್ಲದು. ಸೊಪ್ಪು ಬಿಸಿಯೂಟದ ಸಾರಿಗೆ ಬೀಳಲಿ, ಅತಿಥಿಗಳ ಹಾರಕ್ಕಲ್ಲ. ಫೋಟೊ ಬೇಕೇ ಬೇಕು ಅಂದರೆ ಆ ಸಾರು ಉಣ್ಣುವಾಗ ತೆಗೆಯಿರಿ.