ಹೆಸರು ಅಳಿಸಿದರೆ ಗ್ರಂಥ ಪವಿತ್ರವೆ?

1310ರ ಜೂನ್ 1ರಂದು ಪ್ಯಾರಿಸ್ ನಗರದ ಪ್ಲಾಸ್ ದ ಗ್ರೇವ್ ಚೌಕದಲ್ಲಿ ಮಾರ್ಗರೀಟ್ ಪೊರೆತ್ ಎಂಬ ಮಹಿಳೆಯನ್ನು ಜೀವಂತವಾಗಿ ಸುಡಲಾಯಿತು. ಒಂದು ಪುಸ್ತಕ ಬರೆದದ್ದು, ಅದನ್ನು ನಿಷೇಧಿಸಿದ ಮೇಲೂ ಹಂಚಿದ್ದು ಆಕೆಯ ಅಪರಾಧ.

ಪೊರೆತ್ ಬೆಗೀನ್ ಆಗಿದ್ದಳು. ಶಾಶ್ವತ ಸನ್ಯಾಸವ್ರತ ತೊಡದೆ, ಲೋಕದ ನಡುವೆಯೇ ಭಕ್ತಿಯ ಬದುಕು ನಡೆಸುತ್ತಿದ್ದ ಕ್ರೈಸ್ತ ಸ್ತ್ರೀಯರಿಗೆ ಆ ಹೆಸರಿತ್ತು. ಆಕೆಯ ‘ಸರಳ ಆತ್ಮಗಳ ಕನ್ನಡಿ’ ರಚಿತವಾದದ್ದು ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಜನರಾಡುವ ಫ್ರೆಂಚ್‌ನಲ್ಲಿ. ಪ್ರೇಮ, ತರ್ಕ ಮತ್ತು ಆತ್ಮಗಳು ಅದರಲ್ಲಿ ಪಾತ್ರಗಳಾಗಿ ಸಂವಾದ ನಡೆಸುತ್ತವೆ. ಏಳು ಹಂತಗಳಲ್ಲಿ ಮೇಲೇರುವ ಆತ್ಮವು ತನ್ನ ಇಚ್ಛೆಯನ್ನೇ ಕಳೆದುಕೊಂಡು ದೈವದಲ್ಲಿ ಲೀನವಾಗುತ್ತದೆ. ಕಾಂಬ್ರೆಯ ಬಿಷಪ್ ಈ ಗ್ರಂಥವನ್ನು ವಲೆನ್ಸಿಯೆನ್ ಪಟ್ಟಣದಲ್ಲಿ ಬಹಿರಂಗವಾಗಿ ಸುಡಿಸಿದ. ಆಕೆ ಹಿಂಜರಿಯಲಿಲ್ಲ, ಗಾಡ್‌ಫ್ರೆ ಆಫ್ ಫಾಂಟೇನ್ ಸೇರಿದಂತೆ ಮೂವರು ಧರ್ಮಜ್ಞರ ಮೆಚ್ಚುಗೆ ಆಕೆಯ ಬೆನ್ನಿಗಿತ್ತು.

ಪ್ಯಾರಿಸ್ ವಿಶ್ವವಿದ್ಯಾಲಯದ 21 ಮಂದಿ ಧರ್ಮಶಾಸ್ತ್ರಜ್ಞರು ಪುಸ್ತಕವನ್ನು ಪಾಷಂಡವೆಂದು ಸಾರಿದರು. ಅವರ ಮುಂದಿದ್ದುದು ಗ್ರಂಥದಿಂದ ಹೆಕ್ಕಿದ ಕೆಲವು ಮಾತುಗಳು ಮಾತ್ರ. ಲೀನಗೊಂಡ ಆತ್ಮವು ಸದ್ಗುಣಗಳಿಗೆ ವಿದಾಯ ಹೇಳುತ್ತದೆ ಎಂಬುದು ಅವುಗಳಲ್ಲೊಂದು. ಅಂತಹ ಆತ್ಮದಲ್ಲಿ ಸದ್ಗುಣಗಳು ಸಹಜವಾಗಿಯೇ ನೆಲೆಸಿರುತ್ತವೆ, ಅದು ಅವುಗಳ ದಾಸ್ಯದಿಂದ ಮಾತ್ರ ಬಿಡುಗಡೆ ಹೊಂದಿದೆ ಎಂದು ಗ್ರಂಥ ಮುಂದೆ ವಿವರಿಸುವುದನ್ನು ಆ ಪಟ್ಟಿ ಕೈಬಿಟ್ಟಿತು. ಸುಮಾರು ಒಂದೂವರೆ ವರ್ಷದ ಸೆರೆವಾಸದಲ್ಲಿ ಪೊರೆತ್ ಪ್ರಮಾಣ ಸ್ವೀಕರಿಸಲಿಲ್ಲ, ವಿಚಾರಣಾಧಿಕಾರಿಯ ಪ್ರಶ್ನೆಗೆ ಉತ್ತರಿಸಲೂ ಇಲ್ಲ.

ಆದರೆ ಗ್ರಂಥ ಉಳಿಯಿತು. ಲ್ಯಾಟಿನ್, ಇಟಾಲಿಯನ್, ಇಂಗ್ಲಿಷ್‌ಗಳಿಗೆ ಅನುವಾದಗೊಂಡು, ಕರ್ತೃವಿನ ಹೆಸರಿಲ್ಲದೆ ಮಠಗಳಲ್ಲಿ ಹಸ್ತಪ್ರತಿಯಾಗಿ ಸಂಚರಿಸಿತು. ಆಗೊಮ್ಮೆ ಈಗೊಮ್ಮೆ ಸಂಶಯಗಳೆದ್ದರೂ ಸನ್ಯಾಸಿಗಳು ಅದನ್ನು ಭಕ್ತಿಯಿಂದ ಓದಿದರು. 1927ರಲ್ಲಿ ಅದರ ಇಂಗ್ಲಿಷ್ ಆವೃತ್ತಿ, ಅಜ್ಞಾತ ಫ್ರೆಂಚ್ ಅನುಭಾವಿಯ ಕೃತಿಯೆಂದು, ಚರ್ಚಿನ ಅಧಿಕೃತ ಅನುಮತಿಯೊಂದಿಗೇ ಲಂಡನ್ನಿನಲ್ಲಿ ಪ್ರಕಟವಾಯಿತು. ಕರ್ತೃ ಪೊರೆತ್ ಎಂದು ಇಟಲಿಯ ವಿದುಷಿ ರೊಮಾನಾ ಗ್ವಾರ್ನಿಯೇರಿ ಗುರುತಿಸಿದ್ದು 1946ರಲ್ಲಿ.

ಆಕೆಗೆ ಶಿಕ್ಷೆಯಾದದ್ದು ವಿಚಾರಕ್ಕಲ್ಲ, ಆಜ್ಞೋಲ್ಲಂಘನೆಗೆ ಎಂದು ವಾದಿಸುವವರುಂಟು. ಈ ವಾದ ನನಗೆ ಒಪ್ಪಿಗೆಯಾಗದು. ಆ ಆಜ್ಞೆಯೇ ಗ್ರಂಥ ಪಾಷಂಡವೆಂಬ ತೀರ್ಪಿನ ಮೇಲೆ ನಿಂತಿತ್ತು. ಅದೇ ಗ್ರಂಥವನ್ನು ಮುಂದೆ ಚರ್ಚೇ ಅನುಮತಿಸಿತು.

ಲೇಖಕರ ಹೆಸರು, ಲಿಂಗ, ಜಾತಿ, ಮತ ನೋಡಿ ಪುಸ್ತಕದ ಯೋಗ್ಯತೆ ನಿರ್ಧರಿಸುವ, ನಾಲ್ಕು ಸಾಲು ಹೆಕ್ಕಿ ನಿಷೇಧಕ್ಕೆ ಒತ್ತಾಯಿಸುವ ಪ್ರವೃತ್ತಿ ನಮ್ಮಲ್ಲೂ ಉಂಟು. ಯಾವುದೇ ಕೃತಿಯನ್ನು ಖಂಡಿಸುವ ಹಕ್ಕು ಎಲ್ಲರಿಗೂ ಇದೆ. ಅದಕ್ಕೆ ಮೊದಲು ಅದನ್ನು ಪೂರ್ತಿಯಾಗಿ ಓದುವ ಹೊಣೆಯೂ ಇದೆ ಎಂಬುದನ್ನು ನಾವು ಮರೆಯಬಾರದು.