ಒಂದು ಕಿಲೋಮೀಟರಿನ ನ್ಯಾಯ

ಮಗುವೊಂದು ಎಲ್ಲಿ ಅಕ್ಷರ ಕಲಿಯಬೇಕೆಂಬುದನ್ನು ನಮ್ಮಲ್ಲಿ ತಂದೆತಾಯಿಗಳ ಇಚ್ಛೆಗಿಂತ ಹೆಚ್ಚಾಗಿ ದೂರದ ಅಳತೆಯೇ ತೀರ್ಮಾನಿಸುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯನ್ನು ಅನುಸರಿಸಿ ನಮ್ಮ ರಾಜ್ಯವು 2012ರಲ್ಲಿ ನಿಯಮಗಳನ್ನು ರಚಿಸಿತು. ಅವುಗಳಂತೆ ಐದನೆಯ ತರಗತಿಯವರೆಗಿನ ಮಕ್ಕಳಿಗೆ 1 ಕಿಲೋಮೀಟರಿನೊಳಗೂ, ಆರರಿಂದ ಎಂಟನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೂ ಶಾಲೆ ಇರತಕ್ಕದ್ದು. ನೆರೆಹೊರೆಯ ಶಾಲೆಯೆಂಬ ಈ ಕಲ್ಪನೆ ಹೊಸದೇನೂ ಅಲ್ಲ. ಸಿರಿವಂತರ ಮಕ್ಕಳೂ ಬಡವರ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಬೇಕೆಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು.

ಆದರೆ ಜನ ಒಂದೆಡೆ ನಿಲ್ಲುವವರಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ನೋಡೋಣ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬೆಂಗಳೂರು ಚಿಕ್ಕಬಳ್ಳಾಪುರಕ್ಕೆ ಇನ್ನಷ್ಟು ಹತ್ತಿರವಾಯಿತು. ಗೌರಿಬಿದನೂರಿನ ಕಾರ್ಖಾನೆಗಳು, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ವ್ಯಾಪಾರ—ಇವೆಲ್ಲ ಸುತ್ತಣ ಹಳ್ಳಿಗಳ ಸಂಸಾರಗಳನ್ನು ಪೇಟೆಯ ಅಂಚಿಗೆ ಸೆಳೆಯುತ್ತಿವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 12 ಲಕ್ಷ 55 ಸಾವಿರ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ನಡೆಯಲೇ ಇಲ್ಲ. ಶಾಲೆಯ ದಾಖಲಾತಿ ಪುಸ್ತಕ ವರ್ಷವರ್ಷವೂ ತುಂಬುತ್ತದೆಯೆಂಬುದು ನಿಜ. ಆದರೆ ಅದು ಬಂದ ಮಕ್ಕಳನ್ನು ಎಣಿಸೀತೇ ಹೊರತು ಬಾರದ ಮಕ್ಕಳನ್ನಲ್ಲ.

ಇದರ ಪರಿಣಾಮವನ್ನು ಹಳ್ಳಿಯಲ್ಲೂ ಪೇಟೆಯಲ್ಲೂ ಕಾಣಬಹುದು. ಹಳ್ಳಿಯ ಶಾಲೆ ಬರಿದಾಗುತ್ತದೆ. 2018ರ ರಾಜ್ಯ ಆಯವ್ಯಯದಲ್ಲಿ, ಮಕ್ಕಳು ಕಡಿಮೆಯಾದ 28,847 ಶಾಲೆಗಳನ್ನು ಒಂದು ಕಿಲೋಮೀಟರಿನೊಳಗಿನ 8,530 ಶಾಲೆಗಳೊಡನೆ ಸೇರಿಸುವ ಯೋಜನೆ ಪ್ರಕಟವಾಯಿತು. ಸಾಹಿತಿಗಳೂ ಶಿಕ್ಷಣಾಸಕ್ತರೂ ಅದನ್ನು ಬಲವಾಗಿ ವಿರೋಧಿಸಿದರು. ವಿಲೀನದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಏಳೆಂಟು ಮಕ್ಕಳು, ಐದು ತರಗತಿ, ಒಬ್ಬರೇ ಮೇಷ್ಟ್ರು ಎಂಬ ಸ್ಥಿತಿಯಲ್ಲಿ ಪಾಠ ನಡೆಯುವುದು ಕಷ್ಟ. ಆದರೆ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು ಕಾಯಿದೆಯೇ ವಿಧಿಸಿದೆ. ಆ ಎರಡನೆಯ ಶಿಕ್ಷಕರನ್ನು ಕೊಡದೆ ಶಾಲೆ ಸೊರಗಿತೆನ್ನುವುದು, ನೀರೆರೆಯದೆ ಗಿಡ ಒಣಗಿತೆಂದು ಗಿಡವನ್ನೇ ದೂರಿದಂತೆ.

ಪೇಟೆಯಲ್ಲಿ ಇದೇ ಅಳತೆ ಬೇರೊಂದು ರೀತಿಯಲ್ಲಿ ಬಾಧಿಸುತ್ತದೆ. ಖಾಸಗಿ ಶಾಲೆಗಳಲ್ಲಿ ಬಡಮಕ್ಕಳಿಗಿದ್ದ ಶೇಕಡ 25ರ ಪಾಲು, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಕಡ್ಡಾಯವಲ್ಲವೆಂದು 2019ರಿಂದ ನಿಯಮ ಬದಲಾಯಿತು. ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗೆ ಬಲ ಬರಲೆಂಬ ಉದ್ದೇಶ ಮೆಚ್ಚತಕ್ಕದ್ದೇ. ಆದರೆ ಹೊಸ ಬಡಾವಣೆಯ ಕೂಲಿಕಾರನಿಗೆ ಹೀಗೆ ತೋರಿಸಿದ ಶಾಲೆಯಲ್ಲಿ ಕೊಠಡಿಯೂ ಶಿಕ್ಷಕರೂ ಸಾಲದಿದ್ದರೆ, ಸಾಮೀಪ್ಯದಿಂದ ಅವನಿಗೆ ಬಂದ ಭಾಗ್ಯವೇನು?

ಮತ್ತೊಂದು ಮಾತು: ನಕ್ಷೆಯ ಮೇಲಿನ ಒಂದು ಕಿಲೋಮೀಟರು ಆರು ವರ್ಷದ ಮಗುವಿನ ಕಾಲಿಗೆ ಒಂದು ಕಿಲೋಮೀಟರಾಗಿಯೇ ಉಳಿಯುವುದಿಲ್ಲ. ನಡುವೆ ಕೆರೆಯಿದ್ದರೆ ಸುತ್ತಿ ಹೋಗಬೇಕು. ಹೆದ್ದಾರಿಯಿದ್ದರೆ ದಾಟಿಸಲು ದೊಡ್ಡವರು ಬೇಕು. ಉರ್ದು ಶಾಲೆಯ ಮಗುವಿಗೆ ಆ ಭಾಷೆಯ ಮುಂದಿನ ಶಾಲೆ ಇನ್ನೂ ದೂರವಿದ್ದೀತು. ದೂರ ಬೆಳೆದಲ್ಲಿ ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಕೈಯಲ್ಲಿ ಕಾಸಿಲ್ಲದೆ, ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಕಲಿಯಬೇಕೆನ್ನುವವರಿಗೆ ದೂರ ಯಾವ ಲೆಕ್ಕವೆಂದು ಈ ಕಥೆಯನ್ನು ಎತ್ತಿ ಹೇಳುವವರಿದ್ದಾರೆ. ಅದರ ಉತ್ತರಾರ್ಧವನ್ನು ಅವರು ಮರೆಯುತ್ತಾರೆ. ಮುಂದೆ ಕುಲಪತಿಗಳಾದ ಅದೇ ನರಸಿಂಹಯ್ಯನವರು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬೆಳೆಯಲು ಶ್ರಮಿಸಿದರು. ತಾವು ನಡೆದ ದಾರಿಯನ್ನು ಮುಂದಿನವರು ನಡೆಯದಿರಲೆಂಬುದೇ ಅದರ ಅರ್ಥವೆಂದು ನಾನು ಭಾವಿಸುತ್ತೇನೆ.

ಆದುದರಿಂದ ಯಾವ ಶಾಲೆಯನ್ನೂ ಸೇರಿಸುವ ಮೊದಲು ಆ ಊರಿನ ಮಕ್ಕಳನ್ನು ಮನೆಮನೆಯಲ್ಲಿ ಎಣಿಸಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ತಾಯಂದಿರನ್ನು ಕೇಳಬೇಕು. ಬೀಗ ಹಾಕುವ ಮುನ್ನ ವಾಹನ ಬರಬೇಕು. ಎಲ್ಲಕ್ಕೂ ಮೊದಲು, ಆಜ್ಞೆಗೆ ರುಜು ಹಾಕುವ ಅಧಿಕಾರಿ ಮಳೆಗಾಲದ ಒಂದು ಬೆಳಗ್ಗೆ ಆ ದಾರಿಯನ್ನು ಒಮ್ಮೆ ನಡೆದು ನೋಡುವುದು ಯುಕ್ತ.