ಮಗಳ ವಿವರ, ಊರವರ ಮೊಬೈಲು

ಭಾನುವಾರದ ಸಂತೆಯಿಂದ ಹೆಸರು ಪಡೆದ ನಾಗಪುರದ ಇತವಾರಿ ಇಂದಿಗೂ ಸರಾಫರ, ದಿನಸಿ ಮತ್ತು ಬಟ್ಟೆಯ ಸಗಟು ವರ್ತಕರ ಪೇಟೆ. ಅಂಗಡಿಗಳ ನಡುವೆಯೇ ಜಿನಮಂದಿರಗಳಿವೆ. ಇಂತಹ ಪೇಟೆಗಳು ಗುಟ್ಟಿನ ಬೆಲೆಯನ್ನು ಬಲ್ಲವು. ಉತ್ತರದ ವರ್ತಕರು ಬಹಿಖಾತೆ ಬರೆಯುತ್ತಿದ್ದ ಮಹಾಜನಿ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಬಿಡುವುದು ರೂಢಿಯಾಗಿತ್ತು. ಹೊರಗಿನವನ ಕೈಗೆ ಪುಸ್ತಕ ಸಿಕ್ಕರೂ ಓದು ಸುಲಭವಾಗಿರಲಿಲ್ಲ.

ಗಿರಾಕಿಯ ಸಾಲವನ್ನು ಹೀಗೆ ಕಾಪಾಡಿದ ಸಮಾಜ ತನ್ನ ಹೆಣ್ಣುಮಕ್ಕಳ ವಿವರವನ್ನು ಇಂದು ಹೇಗೆ ಕಾಪಾಡುತ್ತಿದೆ? ಇತವಾರಿಯಿರಲಿ, ಬೆಳಗಾವಿಯಿರಲಿ, ವಿವಾಹ ಸಂಬಂಧಕ್ಕೆಂದು ಕನ್ಯೆಯ ಭಾವಚಿತ್ರ, ಜನ್ಮದಿನಾಂಕ, ಸಂಬಳ, ಮನೆಯ ವಿಳಾಸ, ತಂದೆಯ ದೂರವಾಣಿ ಸಂಖ್ಯೆ ಎಲ್ಲವೂ ನೂರಾರು ಸದಸ್ಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಆಕೆಗೆ ಮದುವೆಯಾಗಿ ಮಕ್ಕಳಾದ ಮೇಲೂ ಅವು ಅಳಿಯುವುದಿಲ್ಲ. ಆಕೆಯ ಒಪ್ಪಿಗೆ ಕೇಳಿದ ಹಿರಿಯರು ವಿರಳ.

ವಾಟ್ಸ್‌ಆ್ಯಪ್ ಸುರಕ್ಷಿತವಲ್ಲವೇ ಎಂಬ ಉತ್ತರ ಸಿದ್ಧವಾಗಿರುತ್ತದೆ. 2016ರ ಏಪ್ರಿಲ್‌ನಿಂದ ಅಲ್ಲಿನ ಸಂದೇಶಗಳಿಗೆ ಎನ್‌ಕ್ರಿಪ್ಷನ್ ಇರುವುದು ನಿಜ. ಕಳುಹಿಸಿದವನ ಮತ್ತು ಪಡೆದವನ ಫೋನುಗಳ ನಡುವೆ ಯಾರೂ, ಆ ಕಂಪನಿಯೂ, ಅವನ್ನು ಓದಲಾರರು. ಆದರೆ ಬೀಗವಿರುವುದು ದಾರಿಗೆ, ತಲುಪಿದ ಮನೆಗಲ್ಲ. ಗುಂಪಿನಲ್ಲಿ ಐನೂರು ಜನರಿದ್ದರೆ ಬೀಗದ ಕೈಗಳೂ ಐನೂರು.

ಸರ್ಕಾರದ ಕಣ್ಣಿನ ವಿರುದ್ಧ ಈ ದೇಶ ದೊಡ್ಡ ಹೋರಾಟವನ್ನೇ ಗೆದ್ದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಆ ಪೀಠದಲ್ಲಿ ನಾಗಪುರದವರೇ ಆದ ಶರದ್ ಬೋಬ್ಡೆ ಇದ್ದರು. ಮೂಡುಬಿದಿರೆಯ ಸಮೀಪದ ಬೆಳುವಾಯಿಯ ಅಬ್ದುಲ್ ನಜೀರ್ ಅವರೂ ಇದ್ದರು. ಇಷ್ಟಾದರೂ ಸಂದೇಶವನ್ನು ಮೊದಲು ಕಳುಹಿಸಿದವರನ್ನು ಪತ್ತೆಹಚ್ಚಿಕೊಡಬೇಕೆಂಬ ನಿಯಮ 2021ರಲ್ಲಿ ಬಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೋ, ತಾನು ಆರಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರದ ಕೈಗೇ ಇತ್ತಿದೆ. ಎರಡನ್ನೂ ವಿರೋಧಿಸಬೇಕಾದುದೇ. ಆದರೆ ವ್ಯಕ್ತಿಯೊಬ್ಬನು ಸ್ವಂತ ಅಥವಾ ಗೃಹಕಾರ್ಯಕ್ಕೆ ಬಳಸುವ ಮಾಹಿತಿಗೆ ಅದೇ ಕಾಯ್ದೆ ಅನ್ವಯಿಸದು. ಚಿಕ್ಕಪ್ಪ ಫಾರ್ವರ್ಡ್ ಮಾಡಿದ ಬಯೋಡೇಟಾಕ್ಕೆ ಅದರಿಂದ ಹೆಚ್ಚಿನ ರಕ್ಷಣೆ ನಿರೀಕ್ಷಿಸುವಂತಿಲ್ಲ.

ಅಲ್ಲಿ ಉಳಿಯುವುದು ಶ್ರಾವಕಾಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಸುಳ್ಳು ದಸ್ತಾವೇಜಿನ ಜೊತೆಗೇ ರಹೋಭ್ಯಾಖ್ಯಾನವನ್ನೂ, ಅಂದರೆ ಪರರ ಗುಟ್ಟನ್ನು ಬಯಲು ಮಾಡುವುದನ್ನೂ, ಎಣಿಸಿದೆ. ಬಯಲಾದ ಮಾತು ನಿಜವೇ ಆಗಿದ್ದರೂ ದೋಷ ದೋಷವೇ. ಪರ್ವದಿನಗಳಲ್ಲಿ ಈ ಅಧ್ಯಾಯವನ್ನು ಭಕ್ತಿಯಿಂದ ಪಠಿಸಿ, ಮಂದಿರದ ಮೆಟ್ಟಿಲಿಳಿಯುವಾಗಲೇ ಪರರ ಮಗಳ ಚಿತ್ರವನ್ನು ಮುಂದಕ್ಕೆ ಕಳುಹಿಸುವ ಬೆರಳಿಗೆ ಆ ಶಬ್ದದ ಅರ್ಥ ತಿಳಿದಂತಿಲ್ಲ.

ವಧೂವರರ ಪಟ್ಟಿ ನಡೆಸುವ ಸಮಾಜ ಸಂಸ್ಥೆಗಳು ಮೊದಲು ಆ ಯುವತಿಯ ಲಿಖಿತ ಒಪ್ಪಿಗೆಯನ್ನೇ ಪಡೆಯಲಿ, ತಂದೆಯದನ್ನಲ್ಲ. ಗುಂಪಿಗೆ ವಯಸ್ಸು, ವಿದ್ಯೆ, ಊರು ಸಾಕು. ಹೆಸರು, ಚಿತ್ರ, ವಿಳಾಸಗಳು ಆಸಕ್ತಿ ತೋರಿದ ಮನೆಗೆ ಮಾತ್ರ, ಆಕೆ ಒಪ್ಪಿದ ಬಳಿಕ. ಸಂಬಂಧ ಕೂಡಿದ ದಿನವೇ ಪಟ್ಟಿಯಿಂದ ಅಳಿಸುವ ಹೊಣೆ ಒಬ್ಬ ಕಾರ್ಯದರ್ಶಿಯ ಮೇಲಿರಲಿ, ಆ ಹುದ್ದೆಗೆ ಈ ಬಾರಿ ಒಬ್ಬ ಮಹಿಳೆಯನ್ನು ಆರಿಸಲಿ.